‘ಮನಿತನದಾಗೇ ಅದ’ ಅನ್ನೋ ಮೊದಲು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮಕ್ಕಳ ಮನಸ್ಸಿನ ಬಗ್ಗೆ ಮಾತಾಡ್ರಿ ಅಂತ ಸಂಘದ ಹುಡುಗರು ಹೇಳಿದ್ದಾರೆ. ನಾನು ಡಾಕ್ಟರ್ ಅಲ್ಲ, ಸಾಲಿ ಮಾಸ್ತರ. ಆದರೆ ನಮ್ಮ ಓಣಿಯೊಳಗ ಒಂದು ಮಾತು ಭಾಳ ಸಲ ಕಿವಿಗೆ ಬೀಳ್ತದ. ಹುಡುಗ ಮಾತು ಬಿಟ್ಟು ಮೂಲಿ ಹಿಡಿದ ಅಂದ್ರ, ಹುಡುಗಿ ರಾತ್ರಿ ಚೀರಿ ಏಳ್ತಾಳ ಅಂದ್ರ, “ಅವರ ಮನಿತನದಾಗೇ ಅದ, ಅವರ ಕಾಕಾನೂ ಹಿಂಗೇ ಇದ್ದ” ಅಂತೀವಿ. ಅಲ್ಲಿಗೆ ಮುಗೀತು. ಆ ಮಗುವಿಗೆ ಏನಾಯ್ತು ಅಂತ ಆಮೇಲೆ ಯಾರೂ ಕೇಳೋದಿಲ್ಲ. ಈ ಮಾತಿನೊಳಗ ಖರೆ ಎಷ್ಟು, ಸುಳ್ಳೆಷ್ಟು ನೋಡೋಣ.

ಖರೆ ಸ್ವಲ್ಪ ಅದ. ಮನಸ್ಸಿನ ಕೆಲವು ಕಾಯಿಲೆಗಳಲ್ಲಿ ವಂಶದ ಪಾಲಿದೆ. ಸ್ಕಿಜೋಫ್ರೇನಿಯಾ ಅನ್ನುವ ದೊಡ್ಡ ಕಾಯಿಲೆಯನ್ನೇ ತಗೊಳ್ರಿ. ಸಾಮಾನ್ಯ ಜನರಲ್ಲಿ ಅದು ನೂರಕ್ಕೆ ಹೆಚ್ಚೆಂದರೆ ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಹತ್ತರ ಆಸುಪಾಸು. ಈಗ ಲೆಕ್ಕ ತಿರುವಿ ನೋಡ್ರಿ. ಅಂಥ ನೂರು ಮಕ್ಕಳಲ್ಲಿ ತೊಂಬತ್ತರಷ್ಟು ಮಂದಿಗೆ ಅದು ಬರೋದೇ ಇಲ್ಲ. ಪೂರಾ ಒಂದೇ ರೂಪದ ಅವಳಿಗಳಲ್ಲಿ ವಂಶದ ಅಕ್ಷರ ಒಂದೇ ಇರ್ತದ. ಆದರೂ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಉಳಿದದ್ದು ಎಲ್ಲಿಂದ ಬಂತು? ಬದುಕಿನಿಂದ ಬಂತು.

ಇನ್ನು ‘ದುಃಖದ ಜೀನ್ ಸಿಕ್ಕಿತು’ ಅಂತ ಪೇಪರಿನಲ್ಲಿ ಬಂದರೆ ಅವಸರ ಮಾಡಿ ನಂಬಬ್ಯಾಡ್ರಿ. ನ್ಯೂಜಿಲೆಂಡಿನ ಡುನೆಡಿನ್ ಊರಿನ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತಾ ಬಂದ ಸಂಶೋಧಕರು 2003ರಲ್ಲಿ, ಒಂದು ಜೀನಿನ ಒಂದು ರೂಪ ಇದ್ದವರು ಕಷ್ಟ ಬಂದಾಗ ಬೇಗ ಕುಗ್ಗುತ್ತಾರೆ ಅಂದರು. ಜಗತ್ತೆಲ್ಲ ಸುದ್ದಿಯಾಯ್ತು. ಆಮೇಲೆ 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟು ನೋಡಿದಾಗ ಅದು ನಿಲ್ಲಲಿಲ್ಲ. ಈಗ ತಿಳಿದವರು ಹೇಳೋದು, ಸಾವಿರಾರು ಜೀನುಗಳು ಎಳ್ಳಷ್ಟೆಳ್ಳಷ್ಟು ಪಾಲು ಹಾಕ್ತಾವ ಅಂತ. ಕೆಲವು ಮಕ್ಕಳ ತೊಗಲು ತೆಳು, ಕೆಲವರದು ದಪ್ಪ. ತೆಳು ತೊಗಲು ರೋಗ ಅಲ್ಲ. ಬಿಸಲಿಗೆ ನಿಲ್ಲಿಸಿದರೆ ಬೇಗ ಸುಡುತ್ತದೆ, ಅಷ್ಟೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅನ್ನುವವರ ತಂಡ ಇಲಿಗಳ ಮೇಲೆ ಒಂದು ಕೆಲಸ ಮಾಡಿದೆ. ಕೆಲವು ತಾಯಿ ಇಲಿಗಳು ಮರಿಗಳನ್ನ ಭಾಳ ನೆಕ್ಕುತ್ತಾವ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಕಡಿಮೆ ಅಂಜುತ್ತಿದ್ದವು. ರಕ್ತದ ಗುಣ ಇರಬಹುದು ಅಂತೀರಿ. ಅವರು ಮರಿಗಳನ್ನು ಅದಲುಬದಲು ಮಾಡಿದರು. ಮರಿ ಹೆತ್ತವಳಂತೆ ಆಗಲಿಲ್ಲ, ಸಾಕಿದವಳಂತೆ ಆಯಿತು. ಇಲಿ ಇಲಿನೇ, ಮನುಷ್ಯ ಮನುಷ್ಯನೇ. ಆದರೂ ‘ಮನಿತನದಾಗೇ ಅದ’ ಅನ್ನುವವರು ಇದನ್ನೊಂದಿಷ್ಟು ನೆನಪಿಡಲಿ.

ನಾವಂತೂ ಈ ರಕ್ತದ ಮಾತಿಗೆ ಹುಷಾರಾಗಿರಲೇಬೇಕು. ಜಾತಿ ರಕ್ತಶುದ್ಧಿ ಕಾಪಾಡುತ್ತದೆ ಅನ್ನುವ ವಾದವನ್ನು ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ತೊಳೆದು ಹಾಕಿದ್ದಾರೆ. ಊರು ನಮಗೆ ಅಂದ ಮಾತನ್ನೇ ನಾವು ನಮ್ಮ ಓಣಿಯ ಮಗುವಿಗೆ ಅನ್ನಬೇಕೇನು?

ಈಗ ನಮ್ಮ ಭಾಗಕ್ಕೆ ಬರ್ತೀನಿ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಕಿಲ್ಲಾರಿಯ ಭೂಕಂಪ. ಗಣಪತಿ ಕಳಿಸಿ ಮಲಗಿದ್ದ ಜನ. ಕಲ್ಲು-ಮಣ್ಣಿನ ದಪ್ಪ ಗೋಡೆ, ತಲೆ ಮೇಲೆ ಮಣ್ಣಿನ ಮಾಳಿಗೆ. ಔಸಾ, ಉಮರ್ಗಾ, ನಿಲಂಗಾ ಕಡೆ ಸಾವಿರಾರು ಜನ ಮಲಗಿದಲ್ಲೇ ಹೋದರು. ಇಲ್ಲಿ ಕೂತ ಹಿರಿಯರಿಗೆ ಅದನ್ನ ನಾನು ಹೇಳಬೇಕಾಗಿಲ್ಲ.

ಅಂಥದ್ದರಲ್ಲಿ ಉಳಿದ ಮಕ್ಕಳಿಗೆ ಏನಾಗ್ತದ? ಹಾಸಿಗೆ ಒದ್ದೆ ಮಾಡ್ತಾವ. ತಾಯಿ ಸೆರಗು ಬಿಡೋದಿಲ್ಲ. ಮಾಳಿಗೆ ಕೆಳಗ ಮಲಗಲ್ಲ ಅಂತಾವ. ಕೆಲವು ಮಾತೇ ಆಡೋದಿಲ್ಲ, ಕೆಲವು ಸುಮ್ಮಸುಮ್ಮನೆ ಹೊಡೆದಾಡ್ತಾವ. ಗುರುತಿನ ಮುಖ, ಹೊತ್ತಿಗೆ ಊಟ, ಸಾಲಿ, ಆಟ ತಿರುಗಿ ಸಿಕ್ಕರೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ತಾವ. ಕೆಲವು ಮಾತ್ರ ವರ್ಷಗಟ್ಟಲೆ ಒಳಗೊಳಗೇ ನವೀತಾವ. ತೆಳು ತೊಗಲಿನ ಮಾತು ಬರುವುದು ಅಲ್ಲಿ. ಆದರೆ ಒಂದು ಮಗುವಿಗೆ ಅಜ್ಜಿ ಉಳಿದಳು, ಇನ್ನೊಂದಕ್ಕೆ ಯಾರೂ ಉಳಿಯಲಿಲ್ಲ ಅನ್ನೋದೂ ಅಲ್ಲೇ ಬರ್ತದ.

ಭಾರತೀಯ ಜೈನ ಸಂಘಟನೆಯವರು ಸುಮಾರು 1200 ಮಕ್ಕಳನ್ನ ಪುಣೆಗೆ ಒಯ್ದು ಓದಿಸಿದರು. ದೊಡ್ಡ ಕೆಲಸ, ನಮಸ್ಕಾರ ಮಾಡಬೇಕು. ಹಂಗೇ, ಊರು ಹೋದ ಮಗುವಿಗೆ ಊರಿನ ಮಂದಿಯೂ ದೂರಾದರು ಅನ್ನೋದು ನನ್ನ ತಲೆಯಿಂದ ಹೋಗೋದಿಲ್ಲ.

ಮನೆ ಕೊಟ್ಟ ಲೆಕ್ಕವನ್ನೂ ಹೇಳ್ತೀನಿ. ಪೂರಾ ಸ್ಥಳಾಂತರವಾದ ಊರುಗಳಲ್ಲಿ ಭೂಮಿ ಇಲ್ಲದವರಿಗೆ, ತುಂಡು ಭೂಮಿಯವರಿಗೆ 250 ಚದರ ಅಡಿ ಮನೆ. ಮಧ್ಯದವರಿಗೆ 400. ದೊಡ್ಡ ಹೊಲದವರಿಗೆ 750. ಭೂಮಿ ಇಲ್ಲದವರು ಯಾರು ಅಂತ ನಿಮಗೆ ಗೊತ್ತು. ನಡುಗಿದ್ದು ಎಲ್ಲರ ಕಾಲ ಕೆಳಗಿನ ನೆಲ. ಮಗು ತಿರುಗಿ ಏಳಲು ಸಿಕ್ಕ ಜಾಗ ಮಾತ್ರ ಅಪ್ಪನ ಹೊಲದ ಅಳತೆಯದು.

ಭೂಕಂಪ ಒಂದು ಸಲ ಬಂತು. ಕಬ್ಬಿನ ಹಂಗಾಮ ವರ್ಷಾ ಬರ್ತದ, ಅದನ್ನ ಯಾರೂ ಆಪತ್ತು ಅನ್ನೋದಿಲ್ಲ. ದಸರೆ-ದೀಪಾವಳಿ ಸುಮಾರಿಗೆ ಮುಕಾದಮನ ಉಚಲ್ ಹಿಡಿದು ಗಂಡ-ಹೆಂಡತಿ ಒಂದು ಕೋಯ್ತಾ ಆಗಿ ಹೊರಡ್ತಾರ. ಕೆಲವರು ಪಶ್ಚಿಮ ಮಹಾರಾಷ್ಟ್ರಕ್ಕೆ, ಕೆಲವರು ಕರ್ನಾಟಕದ ಕಾರ್ಖಾನೆಗೆ. ಮಗು ಅರ್ಧ ವರ್ಷದ ಸಾಲಿ ಬಿಟ್ಟು ಕೊಪ್ಪಿಯಲ್ಲಿ ಮಲಗ್ತದ. ನಸುಕಿನಲ್ಲಿ ಅವ್ವ ಎದ್ದು ಫಡಕ್ಕೆ ಹೋದರೆ ಎಂಟು ವರ್ಷದ ಹುಡುಗಿ ಒಂದು ವರ್ಷದ ತಮ್ಮನಿಗೆ ತಾಯಿ. ಇಲ್ಲದಿದ್ದರೆ ಊರಲ್ಲೇ ಅಜ್ಜಿ ಹತ್ತಿರ ಬಿಡ್ತಾರ, ಆಗ ಅವ್ವ ಬರೋ ದಾರಿ ನೋಡ್ತಾ ಆರು ತಿಂಗಳು. ತಿರುಗಿ ಬಂದಾಗ ತರಗತಿ ಮುಂದೆ ಹೋಗಿರ್ತದ. ಮಾಸ್ತರ “ದಡ್ಡ” ಅಂತಾನ. ನಾನೂ ಮಾಸ್ತರನೇ, ಸ್ಟಾಫ್ ರೂಮಿನಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರ್ತದ ಅಂತ ಬಲ್ಲೆ.

ಮತ್ತೊಂದು, ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಸಾಲಿ ಮರಾಠಿ. ಲೆಕ್ಕವನ್ನ ಮರಾಠಿಯಲ್ಲಿ ಮಾಡಬಹುದು. ಎದೆಯೊಳಗಿನ ಅಂಜಿಕೆಯನ್ನ ಆರು ವರ್ಷದ ಮಗು ಮನೆಮಾತಿನಲ್ಲೇ ಹೇಳ್ತದ. ಕೇಳೋರು ಇರಬೇಕು.

ಮಗು ಎರಡು-ಮೂರು ವಾರದ ಮೇಲೂ ನಿದ್ದೆ, ಊಟ, ಆಟ ಬಿಟ್ಟಿದ್ದರೆ, ‘ಸಾಯ್ತೀನಿ’ ಅಂತ ಒಂದೇ ಸಲ ಅಂದರೂ, ದವಾಖಾನೆಗೆ ಹೋಗ್ರಿ. ಮೊದಲು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ-ಮಾನಸ್, 2022ರ ಅಕ್ಟೋಬರಿನಿಂದ ಸರ್ಕಾರ ನಡೆಸುತ್ತಿದೆ. ಹಗಲು-ರಾತ್ರಿ ಇರ್ತದ, ಪುಕ್ಕಟೆ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡ್ತಾರ. ಸರ್ಕಾರಿ ದವಾಖಾನೆಯಲ್ಲಿ ಮನಸ್ಸಿನ ಚಿಕಿತ್ಸೆ ಸಿಗೋದು 2017ರ ಕಾಯ್ದೆ ಪ್ರಕಾರ ನಿಮ್ಮ ಹಕ್ಕು, ಯಾರ ಉಪಕಾರ ಅಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇತ್ತಾ ಅಂತ ಡಾಕ್ಟರ್ ಕೇಳಿದರೆ ಮುಚ್ಚಿಡಬ್ಯಾಡ್ರಿ. ಅದನ್ನ ಹೇಳುವ ಜಾಗ ಅದು, ಕಟ್ಟೆ ಅಲ್ಲ. ಮೈಯಾಗ ಬಂದದ ಅಂತ ಹೊಡೆಯುವ, ಕಟ್ಟುವ ಬುವಾಗಳ ಹತ್ತಿರ ಒಯ್ಯಬ್ಯಾಡ್ರಿ. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು ಮಹಾರಾಷ್ಟ್ರದಲ್ಲಿ 2013ರಿಂದ ಅಪರಾಧ.

ಸಂಘದ ಹುಡುಗರಿಗೆ ಒಂದು ಕೆಲಸ ಹೇಳ್ತೀನಿ. ಈ ಸಲ ದಸರೆಗೆ ಮೊದಲು, ಯಾವ ಮನೆಯವರು ಕಬ್ಬಿಗೆ ಹೊರಟಿದ್ದಾರೆ, ಮಕ್ಕಳೆಷ್ಟು, ಯಾರ ಹತ್ತಿರ ಬಿಡ್ತಾರೆ ಅಂತ ಬರೆದುಕೊಳ್ಳಬೇಕು. ಹಂಗಾಮಿ ವಸತಿಗೃಹಕ್ಕೆ ಸಾಲಿಯಿಂದ ಅರ್ಜಿ ಹಾಕಿಸಬೇಕು. ಉಳಿದ ಮಕ್ಕಳನ್ನ ಸಂಜೆ ಸಮಾಜಮಂದಿರದಲ್ಲಿ ಕೂಡಿಸಬೇಕು. ಓದು ಆಮೇಲೆ, ಮೊದಲು ಆಟ ಆಡಿಸ್ರಿ. ವಹಿ ನಾನು ತಂದಿದ್ದೀನಿ. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಕೂತಿರ್ತೀನಿ, ಹೆಸರು ಬರೆಸಿ ಹೋಗ್ರಿ.