ಹೃದಯಕ್ಕೂ ಒಂದು ಕಿಂಡಿ ಅಣೆಕಟ್ಟು

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ನಿಮ್ಮೆಲ್ಲರ ಬಿ.ಪಿ. ನೋಡಿದ್ದಾರೆ. ಕೆಲವರ ಮುಖ ನೋಡಿದರೇ ಗೊತ್ತಾಗ್ತದೆ, ಸಿಸ್ಟರ್ ಹತ್ತಿರ ಸ್ವಲ್ಪ ಬೈಸಿಕೊಂಡು ಬಂದಿದ್ದೀರಿ. ಉಪ್ಪಿನಕಾಯಿ ಬಿಡಿ, ಒಣಮೀನು ಕಡಿಮೆ ಮಾಡಿ ಅಂತ ಹೇಳಿರಬೇಕು. ಆ ಹೃದಯವನ್ನು ಅವರು ನೋಡಿಕೊಳ್ಳುತ್ತಾರೆ. ನನಗೆ ಕೊಟ್ಟಿರುವುದು ಯಂತ್ರಕ್ಕೆ ಸಿಗದ ಇನ್ನೊಂದು ಹೃದಯದ ವಿಷಯ. ಅದಕ್ಕೂ ಉಪ್ಪಿನ ಕಾಟ ಇದೆ.

ಜ್ಞಾನೋಕ್ತಿಗಳ ಗ್ರಂಥದ 4ನೇ ಅಧ್ಯಾಯದಲ್ಲಿ ಒಬ್ಬ ತಂದೆ ಮಗನಿಗೆ ಬುದ್ಧಿ ಹೇಳುತ್ತಾನೆ. ಬೇರೆ ಏನನ್ನು ಕಾಯದಿದ್ದರೂ ಹೃದಯವನ್ನು ಕಾಯಬೇಕು, ಬದುಕಿನ ಒರತೆ ಇರುವುದು ಅಲ್ಲೇ ಎಂಬುದು ಅವನ ಮಾತಿನ ತಾತ್ಪರ್ಯ. ಈ ಮಾತನ್ನು ನಾವು ಹೆಚ್ಚಿನವರು ತಪ್ಪಾಗಿ ತಿಳಿದುಕೊಂಡಿದ್ದೇವೆ. ಕಾಯುವುದು ಅಂದರೆ ಬಾಗಿಲು ಹಾಕಿ ಚಿಲಕ ಜಡಿಯುವುದು ಅಂತ. "ನಾನು ಯಾರ ಸುದ್ದಿಗೂ ಹೋಗುವುದಿಲ್ಲ, ನನ್ನ ಸುದ್ದಿಗೂ ಯಾರೂ ಬರಬೇಡಿ" ಎನ್ನುವವರನ್ನು ನಾವು ಗಟ್ಟಿ ಮನಸ್ಸಿನವರು ಎಂದು ಹೊಗಳುತ್ತೇವೆ.

ನಮ್ಮ ಊರಿನ ಕಿಂಡಿ ಅಣೆಕಟ್ಟು ನೋಡಿ. ಸೌಪರ್ಣಿಕಾ ಇರಲಿ, ವಾರಾಹಿ ಇರಲಿ, ಸೀತಾ ಇರಲಿ, ಮಳೆಗಾಲ ಮುಗಿದು ಹೊಳೆಯ ಸೆಳೆತ ಕಡಿಮೆಯಾದ ಹಾಗೆ ಭರತದ ಹೊತ್ತಿಗೆ ಸಮುದ್ರದ ನೀರು ಮೇಲೆ ಏರಿ ಬರುತ್ತದೆ. ಗದ್ದೆಗೆ ಉಪ್ಪು ನುಗ್ಗುತ್ತದೆ, ಬಾವಿ ನೀರು ಬಾಯಿಗಿಡಲು ಆಗುವುದಿಲ್ಲ. ಅದಕ್ಕೇ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಕೆಳಗಿನ ಉಪ್ಪು ಒಳಗೆ ಬರುವುದಿಲ್ಲ, ಮೇಲಿನ ಸಿಹಿನೀರು ಪೋಲಾಗುವುದಿಲ್ಲ. ಆದರೆ ಮುಂದಿನ ಮಳೆ ಹಿಡಿಯುವ ಮೊದಲು ಅದೇ ಹಲಗೆಯನ್ನು ಎಬ್ಬಿಸಬೇಕು. ಎಬ್ಬಿಸದಿದ್ದರೆ ನೆರೆ ನೀರು ಗದ್ದೆಯ ಮೇಲೇ ಹರಿಯುತ್ತದೆ. ಇಳಿಸಿದವರು ಎಬ್ಬಿಸಲು ಮರೆತರೆ ಕಾಪಾಡಲು ಕಟ್ಟಿದ್ದೇ ಮುಳುಗಿಸುತ್ತದೆ ಮಾರಾಯ್ರೆ.

ನಮ್ಮ ಮನಸ್ಸಿಗೆ ನುಗ್ಗುವ ಉಪ್ಪು ಯಾವುದು ಅಂತ ನಾನು ಪಟ್ಟಿ ಓದಬೇಕಾಗಿಲ್ಲ. ಸಾಲದ ಕಂತು, ಗಂಡನ ಕುಡಿತ, ಗಲ್ಫ್‌ನಿಂದ ಬಾರದ ಫೋನು, ಪಕ್ಕದ ಮನೆಯವರ ಹೊಸ ಟೈಲ್ಸ್. ಇವೆಲ್ಲ ಬರುತ್ತವೆ, ಹೋಗುತ್ತವೆ. ಹೋಗದೆ ನಿಲ್ಲುವುದು ಒಂದೇ: ಸ್ವಂತದವರ ಮೇಲಿನ ಸಿಟ್ಟು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ತಂದೆ ತೀರಿಕೊಂಡ ಮೇಲೆ ಪಾಲಿನ ವಿಷಯದಲ್ಲಿ ನನಗೂ ನನ್ನ ತಮ್ಮನಿಗೂ ಮಾತು ಬಂತು. ಜಾಗ ದೊಡ್ಡದೇನಲ್ಲ. ಗಡಿಯಲ್ಲಿ ಒಂದು ತೆಂಗಿನ ಮರ, ಅದು ಯಾರ ಬದಿ ಎಂಬುದು ಪ್ರಶ್ನೆ. ಹನ್ನೊಂದು ವರ್ಷ ಮಾತು ಬಿಟ್ಟೆವು. ಒಂದೇ ಇಗರ್ಜಿ, ಒಂದೇ ಬಲಿಪೂಜೆ. ಶಾಂತಿಯ ವಂದನೆಯ ಹೊತ್ತಿಗೆ ನಾನು ಬೇಕೆಂದೇ ಆಚೆ ಬದಿಗೆ ತಿರುಗುತ್ತಿದ್ದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂದು ಯೇಸುಸ್ವಾಮಿ ಹೇಳಿದ ಭಾಗ ಓದುವ ದಿನ ನನ್ನ ಕಣ್ಣು ನೆಲದ ಮೇಲೆ. ಆ ಸಿಟ್ಟನ್ನು ನಾನು ಸ್ವಾಭಿಮಾನ ಎಂದು ಕರೆಯುತ್ತಿದ್ದೆ.

ಅಮ್ಮ ಹೋದ ವರ್ಷ ಮನೆಯಲ್ಲಿ ಎಲ್ಲರೂ ಸೇರಿ ಸಂಜೆಯ ತೇರ್ಸ್ ಮಾಡಿದೆವು. ನಮ್ಮ ಕ್ರಮ ನಿಮಗೆ ಗೊತ್ತಲ್ಲ, ಜಪಸರ ಮುಗಿದ ಮೇಲೆ ಕಿರಿಯರು ಕೈ ಜೋಡಿಸಿ ಹಿರಿಯರ ಹತ್ತಿರ ಬೆಸಾಂವ್ ಕೇಳಬೇಕು. ತಮ್ಮನ ಸಣ್ಣ ಮಗಳು ಸಾಲಿನಲ್ಲಿ ಒಬ್ಬೊಬ್ಬರ ಹತ್ತಿರ ಕೇಳುತ್ತಾ ನನ್ನ ಎದುರೂ ಬಂದು ನಿಂತಳು. "ಬೆಸಾಂವ್ ದೀ, ಬಾಪ್ಪು." ಅವಳಿಗೆ ತೆಂಗಿನ ಮರದ ಕಥೆ ಯಾರೂ ಹೇಳಿರಲಿಲ್ಲ. ನಿಜ ಹೇಳ್ತೇನೆ, ನನ್ನ ಕೈ ಏಳಲಿಲ್ಲ. ಮಗು ಹಾಗೇ ನಿಂತಿತ್ತು. ಕಡೆಗೆ ತಲೆಯ ಮೇಲೆ ಕೈಯಿಟ್ಟು "ದೇವ್ ಬರೆಂ ಕರುಂ" ಎಂದೆ. ಗಂಟಲು ಕಟ್ಟಿತು.

ಅದೇ ದಿನ ನಾವು ಅಪ್ಪಿಕೊಂಡೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ತಮ್ಮನ ಹತ್ತಿರ ಮಾತು ಬರಲು ಮತ್ತೂ ಎಂಟು ತಿಂಗಳು ಬೇಕಾಯಿತು. ಮರ ಈಗಲೂ ಅವನ ಬದಿಯಲ್ಲೇ ಇದೆ. ಆದರೆ ಹಲಗೆ ಮೊದಲು ಅಲುಗಾಡಿದ್ದು ಆ ಮಗುವಿನಿಂದ. ಇಂದು ಎಷ್ಟು ಮನೆಗಳಲ್ಲಿ ತೇರ್ಸ್ ಆದ ಮೇಲೆ ಬೆಸಾಂವ್ ಕೇಳ್ತಾರೆ? ಟಿ.ವಿ. ಶುರುವಾಗುವ ಹೊತ್ತು, ಮೊಬೈಲ್ ಬಡಿದುಕೊಳ್ಳುವ ಹೊತ್ತು. ಹಿರಿಯರು ಇದನ್ನು ಬರೀ ಮರ್ಯಾದೆಗೆ ಇಟ್ಟದ್ದಲ್ಲ ಅಂತ ನನ್ನ ಅಭಿಪ್ರಾಯ. ಸಿಟ್ಟು ಇಟ್ಟುಕೊಂಡು ಆಶೀರ್ವಾದ ಕೇಳಲಿಕ್ಕೂ ಆಗುವುದಿಲ್ಲ, ಕೊಡಲಿಕ್ಕೂ ಆಗುವುದಿಲ್ಲ.

ನಮ್ಮ ಮನೆಗಳ ಎದುರು ಕೋಣೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಇರುತ್ತದೆ, ಮುಂದೆ ಕೆಂಪು ಬಲ್ಬು. ಕರೆಂಟ್ ಬಿಲ್ಲಿಗೆ ಹೆದರಿ ಬೇರೆ ಎಲ್ಲ ಲೈಟು ಆರಿಸಿದರೂ ಅದನ್ನು ಆರಿಸುವುದಿಲ್ಲ. 1673ರಿಂದ 1675ರ ನಡುವೆ ಫ್ರಾನ್ಸಿನ ಪಾರೆ ಲ ಮೋನಿಯಾಲ್ ಎಂಬ ಊರಿನ ಮಠದಲ್ಲಿ ಸಂತ ಮಾರ್ಗರೆಟ್ ಮೇರಿಗೆ ಆದ ದರ್ಶನಗಳ ನಂತರ ಈ ಭಕ್ತಿ ಲೋಕವೆಲ್ಲ ಹಬ್ಬಿತು. ಪೋಪ್ ಫ್ರಾನ್ಸಿಸ್ ತೀರಿಕೊಳ್ಳುವ ಮೊದಲು, 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕೊನೆಯ ವಿಶ್ವಪತ್ರದ ವಿಷಯವೂ ಇದೇ ಹೃದಯ. ಆ ಪಟವನ್ನು ಇಂದು ಮನೆಗೆ ಹೋಗಿ ಸರಿಯಾಗಿ ನೋಡಿ. ಹೃದಯ ಎದೆಯ ಹೊರಗೆ ಇದೆ. ಮುಳ್ಳು ಸುತ್ತಿದೆ, ಗಾಯ ಇದೆ, ಬೆಂಕಿ ಉರಿಯುತ್ತಿದೆ. ಪೆಟ್ಟು ಬಿದ್ದದ್ದನ್ನು ಸ್ವಾಮಿ ಮುಚ್ಚಿಟ್ಟಿಲ್ಲ. ನಾವು ಅದರ ಕೆಳಗೇ ಕುಳಿತು ನಮ್ಮದನ್ನು ಮುಚ್ಚಿಡುತ್ತೇವೆ.

ಮನೆಯೊಳಗಿನ ಜಗಳ ಹೀಗಾದರೆ ಧರ್ಮಸಭೆಯೊಳಗಿನ ಜಗಳ? ಅದೂ ನಮ್ಮ ನೆಲದಲ್ಲಿ ಆಗಿದೆ. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದು. ಗೋವೆಯ ಬೆಣವಲಿಯಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದಾಗ ಇಲ್ಲಿಯೂ ಇದ್ದರು. ಶಿಲುಬೆಯ ಮುಂದೆ ಪ್ರಾರ್ಥಿಸುತ್ತಾ ಅವರು ನೆಲಬಿಟ್ಟು ಮೇಲೆದ್ದದ್ದನ್ನು ಜನ ಕಂಡರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಬೇರೆ. ಆಗ ಕೆನರಾ ಯಾರ ಅಧಿಕಾರಕ್ಕೆ ಸೇರಿದ್ದು ಎಂದು ಗೋವೆಯ ಪದ್ರುವಾದೋ ಕಡೆಯವರಿಗೂ ರೋಮಿನಿಂದ ನೇಮಕವಾದ ಬಿಷಪ್ ತೋಮಸ್ ದ ಕಾಸ್ತ್ರೋ ಅವರಿಗೂ ದೊಡ್ಡ ತಕರಾರು. ಯಾರ ಕೈಯಿಂದ ಸಂಸ್ಕಾರ ಪಡೆಯುವುದು ಎಂದು ಭಕ್ತರಿಗೆ ಗೊಂದಲ. ವಾಜ್ ನಡುವೆ ಸಿಕ್ಕಿದ್ದರು. ಸಿಕ್ಕಿಯೂ ಅವರು ಸಮಾಧಾನಕ್ಕೆ ದುಡಿದರು, ಗುಲಾಮರಾಗಿದ್ದ ಕ್ರೈಸ್ತರನ್ನು ಬಿಡಿಸಿದರು. ಆಮೇಲೆ 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕೆಗೆ ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಅವರನ್ನು ಹಿಡಿದು ಹಾಕಿದರು. ಅದೇ ಊರಿಗೆ 1697ರಲ್ಲಿ ಸಿಡುಬು ಬಂದಾಗ ರೋಗಿಗಳ ಹಾಸಿಗೆಯ ಬಳಿ ಕುಳಿತವರೂ ಅವರೇ. ಕೆನರಾದ ಕಹಿಯನ್ನು ಅವರು ಹೊತ್ತುಕೊಂಡು ಹೋಗಲಿಲ್ಲ. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಇನ್ನೂರು ವರ್ಷ ಕಳೆದು ಅದೇ ಪದ್ರುವಾದೋ ತಕರಾರು ಬ್ರಹ್ಮಾವರದಲ್ಲಿ ಮತ್ತೆ ಎದ್ದಿತು. ಗೋವೆಯ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಓರ್ಥೊಡಾಕ್ಸ್ ಸಭೆಯ ಬಿಷಪ್ ಆದರು. ಬ್ರಹ್ಮಾವರದ ಹಲವು ಕುಟುಂಬಗಳು ಅವರ ಜೊತೆ ಹೋದವು, ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಅವರನ್ನು ನೋಡಿಕೊಂಡರು. ಒಂದೇ ಕೊಂಕಣಿ, ಒಂದೇ ಉಪನಾಮ, ಎರಡು ಇಗರ್ಜಿ. ಯಾರು ಸರಿ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಆಗ ಜಗಳ ಮಾಡಿದವರಲ್ಲಿ ಇಂದು ಒಬ್ಬರೂ ಇಲ್ಲ. ಬೇಲಿ ಮಾತ್ರ ಮಕ್ಕಳು ಮೊಮ್ಮಕ್ಕಳ ಪಾಲಿಗೆ ಬಂತು. ನಮ್ಮ ತೆಂಗಿನ ಮರಗಳನ್ನು ನೆನೆಸಿಕೊಂಡು ಇದನ್ನು ಹೇಳಿದೆ, ಅಷ್ಟೆ.

ಇನ್ನು ಗುಣವಾಗುವ ಮಾತು. ನೀವು ಗಂಗೊಳ್ಳಿ, ಮರವಂತೆ ಕಡೆಯವರು, ಕಡಲತೀರದ ಬೆಂಕಿಯ ವಾಸನೆ ಬಲ್ಲವರು. ಯೊವಾನ್ನರ ಶುಭಸಂದೇಶದಲ್ಲಿ ಇದ್ದಿಲ ಬೆಂಕಿ ಎರಡು ಸಲ ಬರುತ್ತದೆ. ಮೊದಲನೆಯದು ಪ್ರಧಾನ ಯಾಜಕನ ಅಂಗಳದಲ್ಲಿ. ಚಳಿ ಕಾಯಿಸುತ್ತಾ ನಿಂತ ಪೇತ್ರ ಸ್ವಾಮಿಯನ್ನು ಅಲ್ಲಗಳೆದ. ಎರಡನೆಯದು ತಿಬೇರಿಯ ಸರೋವರದ ದಡದಲ್ಲಿ. ರಾತ್ರಿಯಿಡೀ ಬಲೆ ಹಾಕಿ ದಣಿದವರಿಗೆ ಸ್ವಾಮಿ ಬೆಂಕಿ ಹೊತ್ತಿಸಿ ಮೀನು ಸುಟ್ಟು ರೊಟ್ಟಿ ಇಟ್ಟು ಕಾಯುತ್ತಿದ್ದಾರೆ. ಮೊದಲು ಊಟ. ಮಾತು ಆಮೇಲೆ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರೀತಿಯ ಪ್ರಶ್ನೆ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಎಂದೇ ಬರೆದಿದೆ. ಗಾಯ ತೊಳೆಯುವಾಗ ನೋವಾಗುತ್ತದೆ. ಪಾಪನಿವೇದನೆಗೆ ಹೋಗಲು ನಾವು ಹಿಂಜರಿಯುವುದೂ ಈ ನೋವಿಗೇ.

ಇನ್ನೊಂದು ಗಮನಿಸಿ. ತಪ್ಪಿದ ಮೇಲೂ ಪೇತ್ರ ಒಂಟಿಯಾಗಿ ಕುಳಿತುಕೊಳ್ಳಲಿಲ್ಲ. ಸಂಗಾತಿಗಳ ಜೊತೆಗೇ ಇದ್ದ, ಅವರ ಜೊತೆಗೇ ದೋಣಿ ಹತ್ತಿದ.

ಕಡೆಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ವಾರಗಟ್ಟಲೆ ನಿದ್ರೆ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನ್ನಿಸುತ್ತದೆ ಎನ್ನುವವರಿಗೆ "ನಿನಗೆ ವಿಶ್ವಾಸ ಸಾಲದು, ಇನ್ನೊಂದು ನೊವೇನಾ ಮಾಡು" ಎಂದು ಹೇಳಿ ಕಳುಹಿಸಬೇಡಿ. ಅದು ಕಾಯಿಲೆ. ಸಕ್ಕರೆ ಕಾಯಿಲೆಗೆ ಹೇಗೋ ಹಾಗೆ ಇದಕ್ಕೂ ಮದ್ದು ಇದೆ, ಡಾಕ್ಟರ್ ಇದ್ದಾರೆ. ಪ್ರಾರ್ಥನೆ ಬೇಡ ಅಂತ ಅಲ್ಲ, ಜೊತೆಯಲ್ಲಿ ನಡೆಯಲಿ. ಸರಕಾರದ ಟೆಲಿ ಮಾನಸ್ ಎಂಬ ಉಚಿತ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸಂಘದ ಉಳಿತಾಯ ಪುಸ್ತಕದ ಹಿಂದಿನ ಪುಟದಲ್ಲಿ ಈ ನಂಬರ್ ಬರೆದಿಟ್ಟುಕೊಳ್ಳಿ. ಸಂಘದ ಸಭೆಗೆ ಎರಡು ವಾರ ಯಾರಾದರೂ ಬರದಿದ್ದರೆ ಕಂತಿನ ಹಣ ಕೇಳಲು ಮಾತ್ರ ಅವರ ಮನೆಗೆ ಹೋಗಬೇಡಿ. ಸುಮ್ಮನೆ ಹೋಗಿ, ಒಂದು ಲೋಟ ಚಹಾ ಕುಡಿದು ಬನ್ನಿ.

ಹಿಂದಿನ ಕೋಣೆಯಲ್ಲಿ ಸಂಜೆ ನಾಲ್ಕರವರೆಗೆ ಆಪ್ತ ಸಲಹೆಯ ಸಿಸ್ಟರ್ ಇರುತ್ತಾರೆ. ಹೇಳಿದ್ದು ಅವರಲ್ಲೇ ಉಳಿಯುತ್ತದೆ. ಚಹಾ ಆದ ಮೇಲೆ ಒಬ್ಬೊಬ್ಬರಾಗಿ ಹೋಗಬಹುದು. ಬಿ.ಪಿ. ಇನ್ನೊಮ್ಮೆ ನೋಡುವುದಿಲ್ಲ, ಹೆದರಬೇಡಿ.