ಬಿಡುಗಡೆ ಕೊಟ್ಟವರ ಲೆಕ್ಕಾಚಾರ

(ಸುಗಟೂರಿನ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಜೀತವೆಂದರೇನೆಂದು ಸುಗಟೂರಿನ ಹಿರಿಯರಿಗೆ ನಾವು ಬಂದು ಹೇಳಬೇಕಾಗಿಲ್ಲ. ಮದುವೆಗೋ ಮಣ್ಣಿಗೋ ತಂದ ಸಾಲಕ್ಕೆ ಮಗನನ್ನು ದನ ಕಾಯಲು ಬಿಡುವುದು, ಹುಡುಗ ಮುದುಕನಾದರೂ ಸಾಲ ತೀರದಿರುವುದು, ಇಷ್ಟೇ ಅದರ ಪುರಾಣ. ಆ ಜೀತವನ್ನು ರದ್ದು ಮಾಡಿದ ಕಾನೂನು ಯಾರ ಅಗತ್ಯಕ್ಕಾಗಿ ಬಂತೆಂಬುದನ್ನು ಈ ದಿನ ವಿಚಾರ ಮಾಡೋಣ. ಅದಕ್ಕೆ ಮೊದಲು ಹೊರದೇಶದ ಒಂದು ಸಂಗತಿ ಹೇಳುತ್ತೇವೆ.

ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ಅಮೆರಿಕದ ದಕ್ಷಿಣ ಸಂಸ್ಥಾನಗಳು ಒಕ್ಕೂಟವನ್ನು ಬಿಟ್ಟುಹೋದವು. 1861ರಲ್ಲಿ ಅಂತರ್ಯುದ್ಧ ಹತ್ತಿತು. ಅಧ್ಯಕ್ಷ ಲಿಂಕನ್ನರು ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದವರೇ. ಆದರೂ 1862ರ ಆಗಸ್ಟಿನಲ್ಲಿ ಅವರು ಬರೆದದ್ದೇನು? ಒಬ್ಬ ಗುಲಾಮನನ್ನೂ ಬಿಡದೆ ಒಕ್ಕೂಟ ಉಳಿಯುವುದಾದರೆ ಹಾಗೆಯೇ ಮಾಡುವೆನೆಂದು! ವಿಮೋಚನೆಯ ಕರಡು ಅಷ್ಟರಲ್ಲೇ ಸಿದ್ಧವಾಗಿತ್ತೆಂಬುದು ಬೇರೆ ಮಾತು. 1863ರ ಜನವರಿ 1ರಂದು ಘೋಷಣೆ ಹೊರಬಿತ್ತು. ಅದು ಬಿಡುಗಡೆ ಮಾಡಿದ್ದು ಶತ್ರುವಿನ ನೆಲದ ಗುಲಾಮರನ್ನು ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮೇರಿಲ್ಯಾಂಡ್ ಮೊದಲಾದ ಸಂಸ್ಥಾನಗಳ ಗುಲಾಮರು ಗುಲಾಮರಾಗಿಯೇ ಉಳಿದರು. ಅಲ್ಲಿಯ ಒಡೆಯರನ್ನು ಕೆಣಕುವಂತಿರಲಿಲ್ಲ. ಶತ್ರುವಿನ ಹೊಲಗಳು ಬೀಳು ಬೀಳಬೇಕು, ಇಂಗ್ಲೆಂಡು ಫ್ರಾನ್ಸುಗಳು ದಕ್ಷಿಣದ ಕೈಹಿಡಿಯಬಾರದು, ಸೈನ್ಯಕ್ಕೆ ಆಳು ಬೇಕು. ಲೆಕ್ಕ ಹೀಗಿತ್ತು. ಸುಮಾರು 1,80,000 ಕರಿಯರು ಆ ಸೈನ್ಯದಲ್ಲಿ ದುಡಿದರು.

ಆದರೆ ಘೋಷಣೆಗಿಂತ ಮೊದಲೇ ಗುಲಾಮರು ಎದ್ದು ನಡೆದಿದ್ದರೆಂಬುದನ್ನು ಮರೆಯಬಾರದು. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ಮೂವರು ಓಡಿಬಂದರು. ಒಡೆಯನ ಕಡೆಯವನು ಕಾನೂನು ತೋರಿಸಿ ಅವರನ್ನು ಹಿಂದಕ್ಕೆ ಕೇಳಿದ. ದೇಶವನ್ನೇ ಬಿಟ್ಟ ನಿಮಗೆ ಈ ದೇಶದ ಕಾನೂನೇಕೆ ಎಂದು ಸೇನಾಪತಿ ಬಟ್ಲರನು ಅವರನ್ನು ಯುದ್ಧದ ಸರಕೆಂದು ಜಫ್ತಿ ಮಾಡಿಕೊಂಡ. ಮನುಷ್ಯರೆಂದಲ್ಲ, ಸರಕೆಂದು! ಆದರೂ ಆ ದಾರಿಯಲ್ಲಿ ಸಾವಿರಾರು ಜನ ಬಂದರು. ಅವರು ಬಾರದಿದ್ದರೆ ಲಿಂಕನ್ನರ ಲೆಕ್ಕ ಬೇರೆಯಾಗುತ್ತಿತ್ತು.

ಈಗ ನಮ್ಮ ಮನೆಗೆ ಬರೋಣ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಜಯಪ್ರಕಾಶರು ಸೆರೆಯಾದರು, ಮಧು ದಂಡವತೆಯವರನ್ನು ಬೆಂಗಳೂರಿನಲ್ಲೇ ಹಿಡಿದು ಜೈಲಿಗೆ ಹಾಕಿದರು. ವಾರದೊಳಗೆ, ಜುಲೈ 1ಕ್ಕೆ, ಇಪ್ಪತ್ತು ಅಂಶಗಳ ಕಾರ್ಯಕ್ರಮ; ಅಕ್ಟೋಬರಿನಲ್ಲಿ ಜೀತ ರದ್ದಿನ ಸುಗ್ರೀವಾಜ್ಞೆ. ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿತವನ್ನು ನಿಷೇಧಿಸಿ 25 ವರ್ಷವಾಗಿತ್ತು. ಅಷ್ಟು ಕಾಲ ಇಲ್ಲದ ಅವಸರ ಆಗ ಏಕೆ ಬಂತು? ಬಡವರ ಕಣ್ಣಿಗೆ ಸೆರೆಮನೆಯ ಬಾಗಿಲು ಮರೆಯಾಗಬೇಕಾಗಿತ್ತು. ಜೀತಗಾರನನ್ನು ಬಿಡಿಸಿದ ಕೈಯೇ ಆ ಸೆಪ್ಟೆಂಬರಿನಲ್ಲಿ ಕಾರ್ಖಾನೆ ಕೆಲಸಗಾರರ ಕನಿಷ್ಠ ಬೋನಸ್ಸನ್ನು ಶೇಕಡ 8.33ರಿಂದ 4ಕ್ಕೆ ಇಳಿಸಿತ್ತು! 1977ರಲ್ಲಿ ಉತ್ತರದಲ್ಲಿ ನೆಲಕಚ್ಚಿದ ಪಕ್ಷ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದಿತು. ಅದಕ್ಕೆ ಅರಸು ಸರ್ಕಾರದ ಭೂಸುಧಾರಣೆಯೂ ಕಾರಣವೆಂಬುದನ್ನು ನಾವು ಒಪ್ಪಲೇಬೇಕು.

ಹಾಗಾದರೆ ಸೆರೆಗೆ ತಳ್ಳಿದವರು ಕೊಟ್ಟರೆಂದು ಆ ಕಾನೂನನ್ನು ಬಿಸಾಡೋಣವೇ? ನಮ್ಮವರಲ್ಲಿ ಕೆಲವರು ಹಾಗೆ ಅನ್ನುತ್ತಿದ್ದರು. ಅದು ಜೈಲು ಕಂಡವನ ಸಿಟ್ಟು, ಜೀತ ಮಾಡಿದವನ ಮಾತಲ್ಲ. 1862ರಲ್ಲಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡಿಸಿದಾಗ ತಲೆಗೆ 300 ಡಾಲರಿನವರೆಗೆ ಪರಿಹಾರ ಸಿಕ್ಕಿದ್ದು ಒಡೆಯರಿಗೆ. ನಮ್ಮ ಕಾನೂನು ಒಡೆಯನಿಗೆ ಬಿಡಿಗಾಸು ಕೊಡದೆ ಸಾಲವನ್ನೇ ಅಳಿಸಿತು. ಸಾಲ ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಒಡೆಯನದೇ ಎಂದು 15ನೆಯ ಕಲಮು ಹೇಳುತ್ತದೆ. ಹೆಬ್ಬೆಟ್ಟಿನ ಮನುಷ್ಯನಿಗೆ ಇಂಥ ಆಯುಧ ಸುಲಭಕ್ಕೆ ಸಿಗುವುದಿಲ್ಲ.

ಕೊರತೆ ಇದ್ದದ್ದು ಭೂಮಿಯಲ್ಲಿ. ಅಮೆರಿಕದಲ್ಲಿ 1865ರ ಜನವರಿಯಲ್ಲಿ ಸೇನಾಪತಿ ಶರ್ಮನ್ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಆಜ್ಞೆ ಮಾಡಿದ. ಲಿಂಕನ್ನರ ಕೊಲೆಯಾದ ಮೇಲೆ ಹೊಸ ಅಧ್ಯಕ್ಷ ಜಾನ್ಸನ್ ಅದೇ ವರ್ಷ ಅದನ್ನು ಹಳೆಯ ಒಡೆಯರಿಗೆ ಮರಳಿಸಿದ. ಬಿಡುಗಡೆಯಾದವರು ಅದೇ ಒಡೆಯನ ಹೊಲವನ್ನು ವಾರಕ್ಕೆ ಮಾಡುತ್ತ ಮತ್ತೆ ಸಾಲಕ್ಕೆ ಬಿದ್ದರು. ಇಲ್ಲಿಯೂ ಸಾಲ ಅಳಿಯಿತು. ಆದರೆ ನಾಳೆಯ ಗಂಜಿಗೆ ಭೂಮಿ ಕೊಡುವ ಮಾತು ಆ ಕಾನೂನಿನಲ್ಲಿರಲಿಲ್ಲ. 1978ರಲ್ಲಿ ತಲೆಗೆ 4,000 ರೂಪಾಯಿ ಪುನರ್ವಸತಿ ನೆರವು ಗೊತ್ತಾಯಿತು. 2016ರ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸು ಮಕ್ಕಳಿಗೆ 2 ಲಕ್ಷ ಎಂದಿದೆ. ಅದನ್ನು ಪಡೆಯಲು ಮೊದಲು ಜೀತಗಾರನೆಂದು ಸರ್ಕಾರ ಗುರುತಿಸಬೇಕು. ಗುರುತಿಸುವ ಕಚೇರಿಗಾದರೋ ತಾಲ್ಲೂಕಿನಲ್ಲಿ ಜೀತವೇ ಇಲ್ಲವೆಂದು ಬರೆದರೆ ಕೆಲಸ ಹಗುರ.

ಮುಂಗಡ ಹಿಡಿದು ಇಟ್ಟಿಗೆ ಗೂಡಿಗೋ ತೋಟಕ್ಕೋ ಹೋಗಿ, ಲೆಕ್ಕ ತೀರದೆ ಅಲ್ಲೇ ಸಿಕ್ಕಿಕೊಂಡವರು ನಿಮ್ಮ ಮನೆಗಳಲ್ಲಿದ್ದರೆ ಸಭೆ ಮುಗಿದ ಮೇಲೆ ಎದ್ದುಹೋಗಬೇಡಿರಿ. ಅರ್ಜಿಗೆ ಬೇಕಾದ ಕಾಗದ ತಂದಿದ್ದೇವೆ. ಹೆಸರು, ಊರು, ಪಡೆದ ಹಣ, ದುಡಿದ ವರ್ಷ, ಇಷ್ಟು ಹೇಳಿದರೆ ಬರೆದುಕೊಡುತ್ತೇವೆ.