ನಾಲ್ಕು ದಿನಗಳಲ್ಲಿ ರೋಮಿನ ಹಳೆಯ ಊರುಗಳು

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಟಲಿ ದೇಶದ ಹಳೆಯ ಅವಶೇಷಗಳನ್ನು ನೋಡಿ ಬರಲು ಹೇಗೆ ಸಿದ್ಧತೆ ಮಾಡಿಕೊಳ್ಳಬೇಕೆಂಬುದು ಇಂದಿನ ವಿಷಯ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವುದೇ ದೊಡ್ಡ ಪ್ರವಾಸವಾಗಿರುವ ನಮಗೆ ಈ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕಾಲ ಬದಲಾಗಿದೆ. ನಮ್ಮವರ ಮಕ್ಕಳಲ್ಲಿ ಕೆಲವರು ಯುರೋಪಿನಲ್ಲಿ ಕೆಲಸಕ್ಕಿದ್ದಾರೆ. ತಂದೆತಾಯಿಗಳನ್ನು ಒಮ್ಮೆ ಕರೆಸಿಕೊಳ್ಳಬೇಕೆಂದು ಅವರಿಗೂ ಆಸೆ. ವಿಹಾರದ ಹಡಗುಗಳ ಅಡುಗೆಮನೆ ಸೇರಿದ ನಮ್ಮ ಹುಡುಗರೂ ಇದ್ದಾರೆ. ಅಂಥ ಹಡಗುಗಳು ನೇಪಲ್ಸ್ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತವೆ. ಆ ಒಂದು ಹಗಲನ್ನು ಪೇಟೆಯಲ್ಲಿ ಸುತ್ತಿ ಕಳೆಯಬೇಕೋ, ಜನ್ಮವಿಡೀ ನೆನಪಿಡುವಂಥದನ್ನು ನೋಡಿ ಬರಬೇಕೋ? ಹೋಗಲಾರದವರೂ ಬೇಸರಿಸಬೇಡಿ. ನನ್ನ ಮಾತಿನ ಅರ್ಧಭಾಗ ನಿಮಗಾಗಿಯೇ ಇದೆ.

ರೋಮ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಚಕ್ರವರ್ತಿಗಳು, ಕತ್ತಿಮಲ್ಲರು, ಅಮೃತಶಿಲೆಯ ಕಂಬಗಳು. ಪ್ರವಾಸ ಮಾಡಿಸುವವರು ತೋರಿಸುವುದೂ ಅದನ್ನೇ. ಬಸ್ಸಿನಿಂದ ಇಳಿಸುತ್ತಾರೆ, ಫೋಟೋ ತೆಗೆಸುತ್ತಾರೆ, ಮತ್ತೆ ಬಸ್ಸಿಗೆ ಹತ್ತಿಸುತ್ತಾರೆ. ಹತ್ತು ದಿನದಲ್ಲಿ ಏಳು ದೇಶ! ಹೀಗೆ ಓಡಿದವನ ನೆನಪಿನಲ್ಲಿ ಕೊನೆಗೆ ಉಳಿಯುವುದು ಬಸ್ಸಿನ ಸೀಟು ಮಾತ್ರ. ದಿನವೂ ಹಣವೂ ಕಡಿಮೆಯಿರುವವನು ಕೆಲವೇ ಜಾಗಗಳನ್ನು ಆರಿಸಿಕೊಂಡು ಚೆನ್ನಾಗಿ ನೋಡಬೇಕು. ಯಾವ ಜಾಗಗಳನ್ನು? ಅಲ್ಲಿ ನಮ್ಮಂಥವರು ದುಡಿದ ಜಾಗಗಳನ್ನು, ಎಂದು ನನ್ನ ಉತ್ತರ. ಎರಡು ಸಾವಿರ ವರ್ಷಗಳ ಹಿಂದೆ ಹಿಟ್ಟು ಬೀಸಿದವರು, ರೊಟ್ಟಿ ಸುಟ್ಟವರು, ಗಲ್ಲೆಯ ಹಿಂದೆ ನಿಂತು ಊಟ ಬಡಿಸಿದವರು, ಬಟ್ಟೆ ತುಳಿದವರು ಇದ್ದ ಕೋಣೆಗಳು ಇಟಲಿಯಲ್ಲಿ ಇಂದಿಗೂ ನಿಂತಿವೆ.

ಮೊದಲು ಕಾಗದಪತ್ರದ ಮಾತು. ಇಟಲಿಗೆ ಹೋಗಲು ಶೆಂಗೆನ್ ವೀಸಾ ಬೇಕು. ಹೊರಡುವುದಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಪಕ್ಷ ಹದಿನೈದು ದಿನ ಮೊದಲಾದರೂ ಹಾಕಬೇಕು. ಆದರೆ ಕೊನೆಯ ದಿನದವರೆಗೆ ಕಾಯುವುದು ಜಾಣತನವಲ್ಲ. ಎರಡು ಮೂರು ತಿಂಗಳು ಮುಂಚೆಯೇ ಹಾಕಿರಿ. ೨೦೨೪ರ ಜೂನಿನಲ್ಲಿ ದೊಡ್ಡವರ ಅರ್ಜಿಶುಲ್ಕವನ್ನು ೯೦ ಯೂರೋ ಮಾಡಿದರು. ವೀಸಾ ಸಿಗದಿದ್ದರೂ ಆ ಹಣ ಹಿಂದಕ್ಕೆ ಬರುವುದಿಲ್ಲ. ಕನಿಷ್ಠ ೩೦,೦೦೦ ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕಪತ್ರ, ಉಳಿಯುವ ಜಾಗದ ರಸೀದಿ, ಮಾಲೀಕರಿಂದ ರಜೆಯ ಪತ್ರ, ಇವಿಷ್ಟೂ ಕೈಯಲ್ಲಿರಬೇಕು. ರಜೆಯ ಪತ್ರವನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿರಿ. ವೀಸಾ ಖಂಡಿತ ಕೊಡಿಸುತ್ತೇನೆಂದು ಹೇಳುವ ದಲ್ಲಾಳಿಯನ್ನು ನಂಬಬೇಡಿರಿ; ಕೊಡುವ ಬಿಡುವ ಅಧಿಕಾರ ಅವನಿಗಿಲ್ಲ.

ಕಾಲ ಯಾವುದು? ಜುಲೈ, ಆಗಸ್ಟ್ ಬೇಡ. ಬಿಸಿಲು ವಿಪರೀತ, ಹಾಳೂರುಗಳಲ್ಲಿ ನೆರಳು ಕಡಿಮೆ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಕಾಲಿಗೆ ಗಟ್ಟಿಯಾದ ಬೂಟು ಇರಲಿ, ಏಕೆಂದರೆ ಅಲ್ಲಿನ ಬೀದಿಗಳು ಏರುಪೇರಾದ ಕರಿಕಲ್ಲಿನವು. ನೀರಿಗೆ ಖಾಲಿ ಬಾಟಲಿಯೊಂದು ಸಾಕು. ರೋಮಿನ ಬೀದಿ ನಲ್ಲಿಗಳಲ್ಲಿ ಕುಡಿಯುವ ನೀರು ಪುಕ್ಕಟೆ ಹರಿಯುತ್ತದೆ. ಪಾಂಪೆಯ ಒಳಗೂ ನಲ್ಲಿಗಳಿವೆ.

ಇನ್ನು ದಿನಗಳ ಲೆಕ್ಕ. ವಿಮಾನದ ದಿನಗಳನ್ನು ಬಿಟ್ಟು ನಾಲ್ಕು ದಿನ ಹಿಡಿಯೋಣ.

ಮೊದಲ ದಿನ ರೋಮ್ ಪಟ್ಟಣ. ಕೊಲೋಸಿಯಮ್ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಕ್ರಿ.ಶ. ೮೦ರಲ್ಲಿ ಆರಂಭವಾದ ಆ ಬಯಲಾಟದ ಕಟ್ಟಡದಲ್ಲಿ ಸುಮಾರು ಐವತ್ತು ಸಾವಿರ ಜನ ಕೂಡುತ್ತಿದ್ದರು. ಅದನ್ನು ಕಟ್ಟಿಸಲು ತೊಡಗಿದವನು ವೆಸ್ಪಾಸಿಯನ್ ಚಕ್ರವರ್ತಿ. ಬಟ್ಟೆ ಒಗೆಯಲು, ಚರ್ಮ ಹದಮಾಡಲು ಸಂಗ್ರಹಿಸುತ್ತಿದ್ದ ಮೂತ್ರದ ಮೇಲೂ ತೆರಿಗೆ ಹಾಕಿದ ಪುಣ್ಯಾತ್ಮನೂ ಅವನೇ. ಈ ಕಟ್ಟಡದ ಟಿಕೇಟನ್ನು ಹೆಸರು ಬರೆಸಿ ಮುಂಗಡವಾಗಿಯೇ ಕೊಳ್ಳಬೇಕು. ಪಕ್ಕದ ಫೋರಮ್ ಎಂಬ ಹಳೆಯ ಪೇಟೆಚೌಕಕ್ಕೂ ಪಾಲಟೈನ್ ಗುಡ್ಡಕ್ಕೂ ಅದೇ ಟಿಕೇಟು ನಡೆಯುತ್ತದೆ.

ಆದರೆ ಅದೇ ದಿನ ಸಂಜೆ, ಮುಖ್ಯ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರದಲ್ಲಿರುವ ಪೋರ್ತಾ ಮಜ್ಜೋರೆ ಎಂಬ ಹೆಬ್ಬಾಗಿಲಿಗೆ ತಪ್ಪದೆ ಹೋಗಿರಿ. ಅಲ್ಲಿ ಒಂದು ವಿಚಿತ್ರ ಸಮಾಧಿಯಿದೆ. ಯೂರಿಸಾಸೆಸ್ ಎಂಬ ರೊಟ್ಟಿ ತಯಾರಕನದು. ಕ್ರಿಸ್ತನಿಗಿಂತ ಸುಮಾರು ಮೂವತ್ತು ವರ್ಷ ಹಿಂದಿನದು. ದಾಸ್ಯದಿಂದ ಬಿಡುಗಡೆ ಹೊಂದಿ ಮೇಲೆ ಬಂದವನಿರಬೇಕೆಂದು ಪಂಡಿತರ ಊಹೆ. ಸಮಾಧಿಯ ಮೇಲ್ಪಟ್ಟಿಯಲ್ಲಿ ದೇವರಿಲ್ಲ, ಯುದ್ಧವಿಲ್ಲ, ಬೇಕರಿಯ ಕೆಲಸವಿದೆ. ಕತ್ತೆಗಳು ಬೀಸುವ ಕಲ್ಲು ತಿರುಗಿಸುತ್ತಿವೆ, ಆಳುಗಳು ಹಿಟ್ಟು ಜರಡಿ ಹಿಡಿಯುತ್ತಿದ್ದಾರೆ, ಕಣಕ ನಾದುತ್ತಿದ್ದಾರೆ, ಮೇಜಿನ ಮುಂದೆ ಸಾಲಾಗಿ ನಿಂತು ಉಂಡೆ ಕಟ್ಟುತ್ತಿದ್ದಾರೆ, ಭಟ್ಟಿಗೆ ಹಾಕುತ್ತಿದ್ದಾರೆ, ಕೊನೆಗೆ ರೊಟ್ಟಿ ತೂಗುತ್ತಿದ್ದಾರೆ. ಬೆಳಗಿನ ನಾಲ್ಕು ಗಂಟೆಗೆ ಭಟ್ಟಿ ಹೊತ್ತಿಸಿದವರಿಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಇದನ್ನು ಬೀದಿಯಿಂದಲೇ ನೋಡಬಹುದು, ಟಿಕೇಟಿಲ್ಲ.

ಎರಡನೆಯ ದಿನ ಓಸ್ಟಿಯಾ. ಇದು ರೋಮಿನ ಹಳೆಯ ಬಂದರು. ಪಿರಮಿಡ್ ಎಂಬ ಮೆಟ್ರೋ ನಿಲ್ದಾಣದ ಪಕ್ಕದಿಂದ ಸ್ಥಳೀಯ ರೈಲು ಸಿಗುತ್ತದೆ. ಊರೊಳಗಿನ ಮಾಮೂಲು ಟಿಕೇಟಿನಲ್ಲೇ ಅರ್ಧ ಗಂಟೆಯಲ್ಲಿ ಹೋಗಿ ಇಳಿಯಬಹುದು. ಸೋಮವಾರ ಮುಚ್ಚಿರುತ್ತದೆ. ತಿಂಗಳ ಮೊದಲ ರವಿವಾರ ಇಟಲಿಯ ಸರಕಾರಿ ಅವಶೇಷಗಳಿಗೂ ವಸ್ತುಸಂಗ್ರಹಾಲಯಗಳಿಗೂ ಪ್ರವೇಶ ಉಚಿತ. ಆ ದಿನ ಕೊಲೋಸಿಯಮ್ಮಿನಲ್ಲೂ ಪಾಂಪೆಯಲ್ಲೂ ನೂಕುನುಗ್ಗಲು. ಆದ್ದರಿಂದ ಆ ರವಿವಾರವನ್ನು ಓಸ್ಟಿಯಾಕ್ಕೆ ಇಟ್ಟುಕೊಳ್ಳಿರಿ. ಹಣ ಉಳಿಯಿತು, ಜನಜಂಗುಳಿಯೂ ಅಷ್ಟಿಲ್ಲ.

ಓಸ್ಟಿಯಾದಲ್ಲಿ ಮುಂಬಯಿಯವರಿಗೆ ಗುರುತು ಹತ್ತುವ ವಸ್ತುವೊಂದಿದೆ. ಅದು ಚಾಳು! ಇಟ್ಟಿಗೆಯ, ಹಲವು ಅಂತಸ್ತಿನ ಬಾಡಿಗೆ ಕಟ್ಟಡಗಳು. ಕೆಳಗೆ ಅಂಗಡಿಸಾಲು, ನಡುವೆ ಅಂಗಳ, ಮೇಲೆ ಖೋಲಿಗಳು. ಡಯಾನಾಳ ಮನೆ ಎಂದು ಕರೆಯುವ ಕಟ್ಟಡದ ಬಳಿಯಲ್ಲೇ ಒಂದು ಉಪಾಹಾರ ಗೃಹವಿದೆ. ಅಮೃತಶಿಲೆಯ ಗಲ್ಲೆ, ಅದರ ಕೆಳಗೆ ತೊಳೆಯುವ ತೊಟ್ಟಿ, ಪಾತ್ರೆ ಜೋಡಿಸುವ ಮೆಟ್ಟಿಲು ಹಲಗೆಗಳು, ಗೋಡೆಯ ಮೇಲೆ ತಿನಿಸುಗಳ ಬಣ್ಣದ ಚಿತ್ರ. ಓದಲು ಬಾರದ ಗಿರಾಕಿಯೂ ಬೆರಳು ತೋರಿಸಿ ಕೇಳಬಹುದಾಗಿತ್ತು. ನಾಟಕಶಾಲೆಯ ಹಿಂದೆ ವ್ಯಾಪಾರಿ ಸಂಘಗಳ ಚೌಕವಿದೆ. ಸುಮಾರು ಅರುವತ್ತು ಚಿಕ್ಕ ಕೋಣೆಗಳು. ಒಂದೊಂದರ ಮುಂದೆಯೂ ಕರಿ ಬಿಳಿ ಕಲ್ಲಿನ ಚೂರುಗಳಿಂದ ಮಾಡಿದ ನೆಲದ ಚಿತ್ರ. ಹಡಗಿನವರು, ಹಗ್ಗದವರು, ಚರ್ಮದವರು, ಒಬ್ಬೊಬ್ಬರದೂ ಒಂದೊಂದು ಗುರುತು. ಸಂಘ ಕಟ್ಟಿ ಬಾಗಿಲಿಗೆ ಬೋರ್ಡು ಹಾಕುವುದು ನಾವು ಕಂಡುಹಿಡಿದ ವಿದ್ಯೆಯೇನೂ ಅಲ್ಲ.

ಮೂರನೆಯ ದಿನ ಬೆಳಿಗ್ಗೆ ರೋಮಿನಿಂದ ನೇಪಲ್ಸಿಗೆ. ವೇಗದ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಟಿಕೇಟನ್ನು ಮುಂಚಿತವಾಗಿ ಕೊಂಡಷ್ಟೂ ಅಗ್ಗ. ಅಲ್ಲಿನ ದೊಡ್ಡ ಪುರಾತನ ವಸ್ತುಸಂಗ್ರಹಾಲಯವನ್ನು ಮಧ್ಯಾಹ್ನ ನೋಡಿರಿ. ಅದಕ್ಕೆ ಮಂಗಳವಾರ ರಜೆ. ಪಾಂಪೆಗೆ ಮೊದಲೇ ಇಲ್ಲಿಗೆ ಏಕೆ? ಪಾಂಪೆಯಲ್ಲಿ ಸಿಕ್ಕಿದ ಸಾಮಾನುಗಳಲ್ಲಿ ಬಹಳಷ್ಟು ಇಲ್ಲಿವೆ. ಇಲ್ಲಿ ಕರಿದಾದ ರೊಟ್ಟಿ ನೋಡಿ ಅಲ್ಲಿ ಭಟ್ಟಿ ನೋಡಿದರೆ ಬರಿದಾದ ಕೋಣೆ ತುಂಬಿಕೊಳ್ಳುತ್ತದೆ. ಇನ್ನೊಂದು ವಸ್ತು ನಮಗಾಗಿಯೇ ಕಾದಿದೆ. ೧೯೩೮ರಲ್ಲಿ ಪಾಂಪೆಯ ಒಂದು ಮನೆಯಲ್ಲಿ ಸಿಕ್ಕಿದ, ಗೇಣಿಗಿಂತ ಸ್ವಲ್ಪ ಎತ್ತರದ ದಂತದ ಹೆಣ್ಣುಮೂರ್ತಿ. ಅದು ಭಾರತದ್ದು. ಲಕ್ಷ್ಮಿ ಎಂದು ಹೆಸರಿಟ್ಟರು. ಯಕ್ಷಿ ಇರಬಹುದೆಂದು ಈಗಿನವರ ಮತ. ಅಂಥವೇ ಮೂರ್ತಿಗಳು ಮಹಾರಾಷ್ಟ್ರದ ತೇರ್, ಭೋಕರ್ದನ್ ಊರುಗಳಲ್ಲಿ ದೊರೆತಿವೆ. ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ನಾಣ್ಯ ಸಿಕ್ಕಿದೆ. ನಮ್ಮ ಕಡೆಯ ಸರಕು ಅಲ್ಲಿಗೂ, ಅವರ ಹಣ ಇಲ್ಲಿಗೂ ಹಡಗಿನಲ್ಲಿ ತಿರುಗಾಡಿದೆ ಎಂದಾಯಿತು.

ನಾಲ್ಕನೆಯ ದಿನ ಇಡಿಯಾಗಿ ಪಾಂಪೆಗೆ. ಹಡಗಿನ ಹುಡುಗರಿಗೆ ಸಿಗುವ ಒಂದು ಹಗಲೂ ಇದಕ್ಕೇ ಸಲ್ಲಬೇಕು. ನೇಪಲ್ಸಿನ ಗರಿಬಾಲ್ಡಿ ನಿಲ್ದಾಣದಿಂದ ವೆಸೂವಿಯಸ್ ಬೆಟ್ಟ ಸುತ್ತುವ ರೈಲು ಹಿಡಿದರೆ ನಲವತ್ತು ನಿಮಿಷದ ಸುಮಾರು. ಪೊಂಪೆಯ್ ಸ್ಕಾವಿ ಎಂಬಲ್ಲಿ ಇಳಿದರೆ ಎದುರಿಗೇ ಹೆಬ್ಬಾಗಿಲು. ರೈಲಿನಲ್ಲಿ ನಮ್ಮ ಲೋಕಲ್ ಗಾಡಿಯಂತೆಯೇ ಜೇಬಿನ ಮೇಲೆ ಕೈ ಇರಲಿ. ೨೦೨೪ರ ನವೆಂಬರಿನಿಂದ ದಿನಕ್ಕೆ ಇಪ್ಪತ್ತು ಸಾವಿರ ಜನರ ಮಿತಿ ಹಾಕಿ, ಟಿಕೇಟಿನಲ್ಲಿ ಹೆಸರು ಬರೆಸುವ ಕ್ರಮ ತಂದಿದ್ದಾರೆ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಈ ಊರನ್ನು ಬೂದಿಯಲ್ಲಿ ಹೂತಿತು. ಅಗೆತ ೧೭೪೮ರಲ್ಲಿ ಮೊದಲಾಯಿತು. ಊರಿನ ಮೂರನೆಯ ಒಂದು ಪಾಲು ಇನ್ನೂ ಮಣ್ಣಿನೊಳಗಿದೆ. ಎಲ್ಲವನ್ನೂ ನೋಡಲು ಹೊರಟರೆ ಕಾಲೇ ಸೋಲುತ್ತದೆ. ಐದು ಜಾಗ ಸಾಕು.

ಒಂದು, ೨೦೨೦ರಲ್ಲಿ ಅಗೆದು ಮುಗಿಸಿ ೨೦೨೧ರ ಆಗಸ್ಟಿನಲ್ಲಿ ಜನರಿಗೆ ತೆರೆದ ಉಪಾಹಾರ ಗೃಹ. ಬಣ್ಣದ ಗಲ್ಲೆ, ಅದರಲ್ಲಿ ಹುಗಿದ ಗಡಿಗೆಗಳು. ಗಡಿಗೆಗಳಲ್ಲಿ ಬಾತುಕೋಳಿ, ಆಡು, ಹಂದಿ, ಮೀನು, ಬಸವನಹುಳುಗಳ ಉಳಿಕೆ. ಊರಿನಲ್ಲಿ ಇಂಥವು ಸುಮಾರು ಎಂಬತ್ತಿದ್ದವು. ಮನೆಯಲ್ಲಿ ಒಲೆಯಿಲ್ಲದ ಬಡವರು ಇಲ್ಲೇ ಉಣ್ಣುತ್ತಿದ್ದರು. ಮುಂಬಯಿಯಲ್ಲಿ ಒಂಟಿಯಾಗಿದ್ದ ಗಿರಣಿ ಕೆಲಸಗಾರನಿಗೆ ಖಾನಾವಳಿ ಏನಾಗಿತ್ತೋ ಅದೇ ಇದು.

ಎರಡು, ಮೊಡೆಸ್ಟಸನ ಬೇಕರಿ. ೧೮೬೨ರಲ್ಲಿ ಇದರ ಭಟ್ಟಿ ತೆರೆದಾಗ ಎಂಬತ್ತೊಂದು ರೊಟ್ಟಿಗಳು ಇದ್ದಿಲಾಗಿ ಕುಳಿತಿದ್ದವು. ಕೆಲಸ ಅರ್ಧಕ್ಕೇ ನಿಂತಿತ್ತು, ತೆಗೆಯುವವರು ಬರಲಿಲ್ಲ.

ಮೂರು, ಸ್ಟೆಫಾನಸನ ಬಟ್ಟೆ ಒಗೆಯುವ ಕಾರ್ಖಾನೆ. ಉಣ್ಣೆಯ ಬಟ್ಟೆಯನ್ನು ನೀರು, ಹಳಸಿದ ಮೂತ್ರ ತುಂಬಿದ ತೊಟ್ಟಿಗಳಲ್ಲಿ ಹಾಕಿ ಬರಿಗಾಲಿನಿಂದ ತುಳಿಯುತ್ತಿದ್ದರು. ಬ್ಲೀಚಿಂಗ್ ಖಾತೆಯಲ್ಲಿ ದುಡಿದವರ ಮೂಗು ಇದನ್ನು ಬಲ್ಲದು. ದಂತದ ಮೂರ್ತಿ ಸಿಕ್ಕಿದ ಮನೆಯೂ ಇದೇ ಬೀದಿಯಲ್ಲಿದೆ.

ನಾಲ್ಕು, ಬೀದಿಗೋಡೆಗಳ ಚುನಾವಣಾ ಬರಹಗಳು. ಇಂಥವನಿಗೆ ಮತ ಕೊಡಿರೆಂದು ರೊಟ್ಟಿಯವರೂ ಬಟ್ಟೆ ಒಗೆಯುವವರೂ ತಮ್ಮ ಕಸುಬಿನ ಹೆಸರಿನಲ್ಲಿ ಬರೆಸಿದ್ದಾರೆ. ಮತವಿಲ್ಲದ ಹೆಂಗಸರ ಹೆಸರೂ ಅಲ್ಲಿವೆ. ಒಂದು ಪಾನಗೃಹದ ಗೋಡೆಯಲ್ಲಿ ಅಲ್ಲಿ ಕೆಲಸಕ್ಕಿದ್ದ ಹುಡುಗಿಯರದೆಂದು ತಿಳಿಯುವ ಹೆಸರುಗಳಿವೆ.

ಐದು, ಸತ್ತವರ ಅಚ್ಚುಗಳು. ಬೂದಿ ಗಟ್ಟಿಯಾಗಿ, ದೇಹ ಕರಗಿ, ಒಳಗೆ ಪೊಳ್ಳು ಉಳಿದಿತ್ತು. ೧೮೬೩ರಲ್ಲಿ ಫಿಯೊರೆಲ್ಲಿ ಎಂಬ ಅಧಿಕಾರಿ ಅದರಲ್ಲಿ ಜಿಪ್ಸಮ್ ಗಾರೆ ಸುರಿಸಿ ಅವರ ರೂಪವನ್ನು ಹೊರತೆಗೆದನು. ಅವರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಡಿರಿ ಎಂದು ಕೈಮುಗಿದು ಕೇಳುತ್ತೇನೆ.

ಮಿತ್ರರೇ, ಹಳೆಯ ಕಾಲವನ್ನು ಹೊಗಳುವುದಕ್ಕಾಗಿ ಇಷ್ಟೆಲ್ಲ ಹೇಳಲಿಲ್ಲ. ಆ ದುಡಿಮೆಯ ಹಿಂದೆ ಏನಿತ್ತೆಂಬುದೂ ತಿಳಿಯಬೇಕು. ೨೦೨೩ರ ಡಿಸೆಂಬರಿನಲ್ಲಿ ಪಾಂಪೆಯಲ್ಲಿ ಇನ್ನೊಂದು ಬೇಕರಿ ಸಿಕ್ಕಿದ ಸುದ್ದಿ ಬಂತು. ಹೊರಗೆ ಹೋಗಲು ಬಾಗಿಲಿಲ್ಲ, ಕಿಟಕಿಗೆ ಕಬ್ಬಿಣದ ಸರಳು. ಕತ್ತೆಗಳನ್ನೂ ದಾಸರನ್ನೂ ಒಟ್ಟಿಗೆ ಕೂಡಿಹಾಕಿ ಬೀಸಿಸುತ್ತಿದ್ದರು. ಬೀಸುವ ಕಲ್ಲಿನ ಸುತ್ತ ಹೆಜ್ಜೆ ತಪ್ಪದಿರಲೆಂದು ನೆಲದ ಕಲ್ಲಿನಲ್ಲೇ ಗುಳಿ ಕೆತ್ತಿದ್ದರು. ೨೦೨೧ರಲ್ಲಿ ಊರ ಹೊರಗಿನ ಚಿವಿತಾ ಜುಲಿಯಾನಾ ಎಂಬಲ್ಲಿ ದಾಸರ ಕೋಣೆಯೊಂದು ಸಿಕ್ಕಿತು. ಹದಿನಾರು ಚದರ ಮೀಟರಿನ ಜಾಗ, ಮೇಲೆ ಒಂದೇ ಕಿರುಗಿಂಡಿ, ಮೂರು ಮಂಚ. ಎರಡು ಮಂಚ ದೊಡ್ಡವರ ಅಳತೆಯವು. ಮೂರನೆಯದರ ಉದ್ದ ಒಂದು ಮೀಟರು ನಲವತ್ತು ಸೆಂಟಿಮೀಟರು, ಅಂದರೆ ಮಗುವಿನದು. ಉಳಿದ ಜಾಗದಲ್ಲಿ ಯಜಮಾನನ ಸಾಮಾನು.

ಚಿಕ್ಕಂದಿನಲ್ಲಿ ಊರು ಬಿಟ್ಟು ಬಂದು, ಹೊಟೇಲಿನ ಬೆಂಚುಗಳನ್ನು ಜೋಡಿಸಿ ಅದರ ಮೇಲೆ ಮಲಗಿ ಬೆಳೆದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರೆಂದು ನಾನು ಕೈ ಎತ್ತಿಸುವುದಿಲ್ಲ. ನಾವು ದಾಸರಾಗಿರಲಿಲ್ಲ, ಕೆಲಸ ಬಿಡುವ ಹಕ್ಕು, ರಾತ್ರಿಶಾಲೆಗೆ ಹೋಗುವ ದಾರಿ, ಸಂಘ ಕಟ್ಟುವ ಸ್ವಾತಂತ್ರ್ಯ ನಮಗಿದ್ದವು. ಆದರೂ ಆ ಚಿಕ್ಕ ಮಂಚದ ಅಳತೆ ಏನೆಂದು ಪಂಡಿತರಿಗಿಂತ ನಮಗೆ ಬೇಗ ಅರ್ಥವಾಗುತ್ತದೆ. ಇಂಥ ಅವಶೇಷಗಳನ್ನು ನೋಡಲು ಬೇಕಾದ ಓದು ನಮ್ಮಲ್ಲಿಲ್ಲವೆಂದು ಸಂಕೋಚಪಡಬೇಡಿರಿ. ಭಟ್ಟಿಯ ಬಿಸಿ, ಮುಸುರೆಯ ತೊಟ್ಟಿ, ಪಾಳಿಯ ದಣಿವು ಇವೆಲ್ಲ ಬಲ್ಲವನಿಗೆ ಆ ಊರುಗಳ ಅರ್ಧ ಕಥೆ ಆಗಲೇ ಗೊತ್ತಿದೆ.

ಆದ್ದರಿಂದ ಹೋಗಬಲ್ಲವರು ಈಗಿನಿಂದಲೇ ತಿಂಗಳಿಗಿಷ್ಟೆಂದು ಕಟ್ಟಿಡಿರಿ, ಪಾಸ್‌ಪೋರ್ಟು ಮಾಡಿಸಿಕೊಳ್ಳಿರಿ, ಮಕ್ಕಳಿಗೆ ಇಂಥ ಜಾಗವನ್ನೇ ತೋರಿಸೆಂದು ಕೇಳಿರಿ. ಹೋಗಿ ಬಂದವರು ಈ ವೇದಿಕೆಗೆ ಬಂದು ಕಂಡದ್ದನ್ನು ಹೇಳಿರಿ; ಆಗ ಉಳಿದವರಿಗೂ ಪ್ರಯಾಣವಾದಂತೆಯೇ.